ಪರಮಾಣು ಪದರದ ಅಯಸ್ಕಾಂತ: ಗದ್ದಲ ಸಾಕ್ಷಿ ಹೇಳಬಲ್ಲದೇ?

ಟಂಗ್‌ಸ್ಟನ್ ಡೈಸೆಲೆನೈಡ್ ಎಂಬ ಅರೆವಾಹಕದ ಒಂದು ಪದರದ ದಪ್ಪ ಸುಮಾರು 0.7 ನ್ಯಾನೊಮೀಟರ್. ನಡುವೆ ಟಂಗ್‌ಸ್ಟನ್, ಅದರ ಮೇಲೂ ಕೆಳಗೂ ಸೆಲೆನಿಯಂ. ಮೂರೇ ಪರಮಾಣುಗಳ ಎತ್ತರದ ಈ ಹಾಳೆಗೂ ಅಯಸ್ಕಾಂತಕ್ಕೂ ಹುಟ್ಟಿನಿಂದ ಯಾವ ನಂಟೂ ಇಲ್ಲ. 2020ರಲ್ಲಿ ದಕ್ಷಿಣ ಕೊರಿಯಾದ ಸುವೊನ್ ನಗರದ ಯಂಗ್ ಹೀ ಲೀ, ದಿನ್ ಲೋಕ್ ದುವಾಂಗ್ ಮತ್ತು ಸಂಗಡಿಗರು ಈ ಹಾಳೆಯನ್ನು ಬೆಳೆಸುವಾಗಲೇ ಸಾವಿರ ಟಂಗ್‌ಸ್ಟನ್ ಪರಮಾಣುಗಳಲ್ಲಿ ಒಂದರ ಜಾಗಕ್ಕೆ ವೆನೇಡಿಯಂ ಬಂದು ಕೂರುವಂತೆ ಮಾಡಿದರು. ಆ ಹಾಳೆಯಲ್ಲಿ ಕಾಂತ ವಲಯಗಳು, ಅಂದರೆ ಕಾಂತತ್ವ ಒಂದೇ ದಿಕ್ಕಿಗಿರುವ ತುಣುಕುಗಳು, ಕಾಣಿಸುತ್ತವೆ, ಅವು 360 ಕೆಲ್ವಿನ್‌ವರೆಗೆ, ಅಂದರೆ ಸುಮಾರು 87 ಡಿಗ್ರಿ ಸೆಲ್ಸಿಯಸ್‌ವರೆಗೆ ಉಳಿಯುತ್ತವೆ ಎಂದು ವರದಿ ಮಾಡಿದರು. ಹಾಳೆ ಅರೆವಾಹಕವಾಗಿಯೇ ಉಳಿದಿತ್ತು. ಟ್ರಾನ್ಸಿಸ್ಟರ್ ಮಾಡಿದರೆ 'ಆನ್' ಮತ್ತು 'ಆಫ್' ಪ್ರವಾಹಗಳ ನಡುವೆ ಸುಮಾರು ಒಂದು ಲಕ್ಷ ಪಟ್ಟು ಅಂತರವಿತ್ತು. ಟ್ರಾನ್ಸಿಸ್ಟರಿನ ಪ್ರವಾಹವನ್ನು ಹತೋಟಿಯಲ್ಲಿಡುವ ಗೇಟ್ ವೋಲ್ಟೇಜ್ ಬದಲಿಸಿದರೆ ಕಾಂತ ವಲಯಗಳ ಚಿತ್ರವೂ ಬದಲಾಗುತ್ತಿತ್ತು.

ವೋಲ್ಟೇಜ್ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದಾದ, ಕೋಣೆಯ ಉಷ್ಣತೆಯಲ್ಲಿ ಕೆಲಸ ಮಾಡುವ, ಅರೆವಾಹಕವೂ ಆಗಿರುವ ಅಯಸ್ಕಾಂತ. ವಸ್ತುವಿಜ್ಞಾನ ಅರ್ಧ ಶತಮಾನದಿಂದ ಅರಸುತ್ತಿರುವುದು ಇದನ್ನೇ. ಹಿಂದೆ ಇಂಥ ವರದಿಗಳು ಬಂದಾಗಲೆಲ್ಲ ಅವುಗಳ ಬೆನ್ನಿಗೇ ಅನುಮಾನಗಳೂ ಬಂದಿವೆ. ಹೀಗಾಗಿ ಈ ಹಾಳೆಗಳ ಕಾಂತತ್ವ ನಿಜವೇ, ನಿಜವಾದರೆ ಅದು ಎಲ್ಲಿಂದ ಬಂತು ಎಂಬ ಚರ್ಚೆ ಇಂದಿಗೂ ನಡೆದಿದೆ. ಆ ಚರ್ಚೆಗೆ 2023ರಲ್ಲಿ ಹೊಸ ಸಾಕ್ಷಿಯೊಂದು ಸೇರಿತು. ಎಂಜಿನಿಯರುಗಳು ಯಾವಾಗಲೂ ತೊಡೆದುಹಾಕಲು ಹೆಣಗುವ ವಿದ್ಯುತ್ ಗದ್ದಲವೇ ಆ ಸಾಕ್ಷಿ. ಅದರ ಮಾತನ್ನು ಎಷ್ಟು ನಂಬಬಹುದು ಎಂಬುದು ಈ ಕ್ಷೇತ್ರದ ಇಂದಿನ ಮುಖ್ಯ ಪ್ರಶ್ನೆ.

ಮ್ಯಾಂಗನೀಸ್ ಬೆರೆತ ಕನಸು

ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವುದು ಅರೆವಾಹಕ, ನೆನಪಿಡುವುದು ಬಹುಕಾಲ ಕಾಂತವಸ್ತು. ಎರಡನ್ನೂ ಒಂದೇ ವಸ್ತುವಿಗೆ ಕಲಿಸುವ ಆಸೆ ಹಳೆಯದು. 1961ರಲ್ಲಿ ಯೂರೋಪಿಯಂ ಆಕ್ಸೈಡ್ ಅರೆವಾಹಕವೂ ಹೌದು, ಅಯಸ್ಕಾಂತವೂ ಹೌದು ಎಂದು ತಿಳಿಯಿತು. ಆದರೆ ಅದರ ಕಾಂತತ್ವ ಸುಮಾರು 69 ಕೆಲ್ವಿನ್ ದಾಟುತ್ತಿದ್ದಂತೆ ಮಾಯ. ಮುಂದೆ ಯೋಚನೆಯ ದಾರಿ ಬದಲಾಯಿತು. ಹುಟ್ಟಾ ಕಾಂತವಸ್ತುವನ್ನು ಹುಡುಕುವ ಬದಲು, ಚಿಪ್ ಉದ್ಯಮಕ್ಕೆ ಪರಿಚಿತವಾದ ಅರೆವಾಹಕಕ್ಕೆ ಕಾಂತ ಪರಮಾಣುಗಳನ್ನು ಸ್ವಲ್ಪವೇ ಬೆರೆಸಿದರೆ ಹೇಗೆ?

1989ರಲ್ಲಿ ಇಂಡಿಯಂ ಆರ್ಸೆನೈಡಿಗೆ ಮ್ಯಾಂಗನೀಸ್ ಬೆರೆಸಿದ ತೆಳುಪದರ ಸಿದ್ಧವಾಯಿತು. 1996ರಲ್ಲಿ ಜಪಾನಿನ ಹಿಡಿಯೊ ಓನೊ ಅವರ ತಂಡ ಗ್ಯಾಲಿಯಂ ಆರ್ಸೆನೈಡಿಗೆ ಮ್ಯಾಂಗನೀಸ್ ಸೇರಿಸಿ ಫೆರೋಕಾಂತತ್ವ, ಅಂದರೆ ಕಬ್ಬಿಣದಲ್ಲಿರುವಂಥ ಕಾಂತತ್ವ, ತೋರಿಸಿತು. 2000ದಲ್ಲಿ ಅದೇ ತಂಡ ಇಂಡಿಯಂ ಆರ್ಸೆನೈಡ್ ಪದರದ ಮೇಲೆ ಗೇಟ್ ಇಟ್ಟು, ಬರಿಯ ವೋಲ್ಟೇಜಿನಿಂದ ಫೆರೋಕಾಂತತ್ವವನ್ನು ಏರಿಸಿ ಇಳಿಸಿ ತೋರಿಸಿದಾಗ ಕ್ಷೇತ್ರವೇ ಎದ್ದು ಕುಳಿತಿತು. ಒಂದೇ ಕೊರತೆ ಎಂದರೆ ಉಷ್ಣತೆ. ಗ್ಯಾಲಿಯಂ ಮ್ಯಾಂಗನೀಸ್ ಆರ್ಸೆನೈಡನ್ನು ವರ್ಷಗಟ್ಟಲೆ ತಿದ್ದಿ ತೀಡಿದರೂ ಕಾಂತತ್ವ 200 ಕೆಲ್ವಿನ್ ಆಸುಪಾಸಿನಲ್ಲೇ ನಿಂತಿತು. ಅಂದರೆ ಸೊನ್ನೆಗಿಂತ 70 ಡಿಗ್ರಿಗೂ ಹೆಚ್ಚು ಕೆಳಗೆ.

ಅದೇ 2000ದಲ್ಲಿ ಪೋಲೆಂಡಿನ ತೊಮಾಶ್ ದೀಟ್ಲ್, ಓನೊ ಮತ್ತಿತರರು ಒಂದು ಲೆಕ್ಕ ಪ್ರಕಟಿಸಿದರು. ಶೇ. 5ರಷ್ಟು ಮ್ಯಾಂಗನೀಸ್ ಇದ್ದು, ಧನ ವಿದ್ಯುದಂಶ ಹೊರುವ 'ರಂಧ್ರ'ಗಳು ಸಾಕಷ್ಟಿದ್ದರೆ ಗ್ಯಾಲಿಯಂ ನೈಟ್ರೈಡ್ ಮತ್ತು ಸತುವಿನ ಆಕ್ಸೈಡ್ ಕೋಣೆಯ ಉಷ್ಣತೆಯಲ್ಲೂ ಫೆರೋಕಾಂತವಾಗಬಹುದು ಎಂಬುದು ಅದರ ತಾತ್ಪರ್ಯ. ಆ ಪ್ರಬಂಧ ಹೊರಬಂದದ್ದೇ ತಡ, ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ಆಕ್ಸೈಡುಗಳ ಕಾಯಿಸುವಿಕೆ ಶುರುವಾಯಿತು.

ಕೈ ಸುಟ್ಟುಕೊಂಡ ದಶಕ

2001ರಲ್ಲಿ ಜಪಾನಿನಿಂದ ಕೋಬಾಲ್ಟ್ ಬೆರೆತ ಟೈಟೇನಿಯಂ ಡೈಆಕ್ಸೈಡಿನ ಸುದ್ದಿ ಬಂತು. ಸತು, ತವರ, ಇಂಡಿಯಂ ಆಕ್ಸೈಡುಗಳು ಅದರ ಹಿಂದೆ ಸಾಲುಗಟ್ಟಿದವು. 2004ರಲ್ಲಿ ಡಬ್ಲಿನ್ನಿನ ಮೈಕಲ್ ಕೋಯ್ ತಂಡ ಯಾವ ಕಾಂತ ಪರಮಾಣುವನ್ನೂ ಬೆರೆಸದ ಹ್ಯಾಫ್ನಿಯಂ ಆಕ್ಸೈಡಿನಲ್ಲೂ ಕಾಂತತ್ವ ಕಂಡೆವು ಎಂದಿತು. ಮರುವರ್ಷವೇ ಐಬಿಎಂನ ಸಂಶೋಧಕರು ಹ್ಯಾಫ್ನಿಯಂ ಆಕ್ಸೈಡ್ ಪದರಗಳನ್ನು ಮತ್ತೆ ಅಳೆದರು. ಶುದ್ಧವಾಗಿ ಕಾಪಾಡಿದ ಮಾದರಿಗಳಲ್ಲಿ ಕಾಂತತ್ವ ಇರಲೇ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಚಿಮಟದಲ್ಲಿ ಹಿಡಿದ ಮಾದರಿಗಳಲ್ಲಿ ಮಾತ್ರ ಕಾಂತ ಸಂಕೇತ ಕಾಣಿಸಿತು.

ಈ ಅನುಮಾನಗಳ ಚರಿತ್ರೆಯಲ್ಲಿ ಬೆಂಗಳೂರಿಗೂ ಸ್ಪಷ್ಟ ಪಾತ್ರವಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್ ಮತ್ತು ಎಫ್.ಎಲ್. ದೀಪಕ್ 2005ರಲ್ಲಿ, ಮ್ಯಾಂಗನೀಸ್ ಅಥವಾ ಕೋಬಾಲ್ಟ್ ಬೆರೆತ ಸತುವಿನ ಆಕ್ಸೈಡಿನಲ್ಲಿ ಫೆರೋಕಾಂತತ್ವ ಇಲ್ಲ ಎಂದು ನೇರವಾಗಿ ಬರೆದರು. ಮರುವರ್ಷ ಎ. ಸುಂದರೇಶನ್, ರಾವ್ ಮತ್ತು ಸಂಗಡಿಗರು ಇನ್ನೊಂದು ಮಗ್ಗುಲು ತೋರಿಸಿದರು: ಕಾಂತವಲ್ಲದ ಆಕ್ಸೈಡುಗಳನ್ನೂ ನ್ಯಾನೊ ಕಣಗಳಾಗಿ ಮಾಡಿದರೆ ಅವುಗಳ ಮೇಲ್ಮೈಯ ಆಮ್ಲಜನಕ ಕೊರತೆಯಿಂದ ಕೋಣೆಯ ಉಷ್ಣತೆಯಲ್ಲೂ ಕ್ಷೀಣ ಕಾಂತತ್ವ ಹುಟ್ಟುತ್ತದೆ ಎಂದು. ಬೆರೆಸಿದ ಲೋಹಕ್ಕೆ ಸಲ್ಲಿಸುತ್ತಿದ್ದ ಕೀರ್ತಿ ಎಷ್ಟೋ ಕಡೆ ಕೊರತೆಗೆ ಸಲ್ಲಬೇಕಾಗಿತ್ತೇ ಎಂಬ ಪ್ರಶ್ನೆಯನ್ನು ಈ ಕೆಲಸ ಎತ್ತಿತು. ಇಂದಿನ ತೆಳುಪದರಗಳ ಚರ್ಚೆಯಲ್ಲೂ ಆ ಪ್ರಶ್ನೆ ಹಾಗೆಯೇ ಇದೆ.

ಎರಡು ಆಯಾಮದ ಅಡ್ಡಿ

ಅಷ್ಟರಲ್ಲಿ ವಸ್ತುಗಳೇ ಬದಲಾಗಿದ್ದವು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗ್ರ್ಯಾಫೀನ್ ಬಂತು. 2010, 2011ರ ಹೊತ್ತಿಗೆ ಒಂದೇ ಪದರದ ಮಾಲಿಬ್ಡಿನಂ ಡೈಸಲ್ಫೈಡ್ ಒಳ್ಳೆಯ ಅರೆವಾಹಕ, ಅದರಿಂದ ಟ್ರಾನ್ಸಿಸ್ಟರ್ ಮಾಡಬಹುದು ಎಂದು ಖಚಿತವಾಯಿತು. ಇಷ್ಟು ತೆಳುವಾದ ಹಾಳೆಯಲ್ಲಿ ಗೇಟಿನ ಪ್ರಭಾವ ಪ್ರತಿ ಪರಮಾಣುವನ್ನೂ ಮುಟ್ಟುತ್ತದೆ. ವೋಲ್ಟೇಜಿನಿಂದ ಕಾಂತತ್ವ ಹೊಂದಿಸಲು ಇದಕ್ಕಿಂತ ಅನುಕೂಲದ ವೇದಿಕೆ ಇಲ್ಲ.

ಆದರೆ ಸಿದ್ಧಾಂತ ಅಡ್ಡ ನಿಂತಿತ್ತು. ಸ್ಪಿನ್‌ಗಳು, ಅಂದರೆ ಎಲೆಕ್ಟ್ರಾನ್‌ಗಳ ಪುಟ್ಟ ಕಾಂತ ಸೂಜಿಗಳು, ಯಾವ ದಿಕ್ಕಿಗಾದರೂ ಸಮಾನ ಸುಲಭವಾಗಿ ತಿರುಗಬಲ್ಲ ಎರಡು ಆಯಾಮದ ವಸ್ತುವಿನಲ್ಲಿ, ಸೊನ್ನೆ ಕೆಲ್ವಿನ್‌ಗಿಂತ ಮೇಲೆ ದೀರ್ಘವ್ಯಾಪ್ತಿಯ ಕಾಂತ ಕ್ರಮ ಉಳಿಯದು ಎಂದು ಮರ್ಮಿನ್ ಮತ್ತು ವಾಗ್ನರ್ 1966ರಲ್ಲೇ ಸಾಧಿಸಿದ್ದರು. ಪಾರಾಗುವ ದಾರಿ ಒಂದೇ, ಸ್ಪಿನ್‌ಗಳಿಗೆ ಒಂದು ಇಷ್ಟದ ದಿಕ್ಕು ಇರಬೇಕು. 2017ರಲ್ಲಿ ಕ್ರೋಮಿಯಂ ಅಯೊಡೈಡಿನ ಒಂಟಿ ಪದರ ಸುಮಾರು 45 ಕೆಲ್ವಿನ್‌ವರೆಗೆ ಅಯಸ್ಕಾಂತವಾಗಿಯೇ ಇರುತ್ತದೆ ಎಂದು ಅಮೆರಿಕದ ತಂಡಗಳು ತೋರಿಸಿದಾಗ ಆ ದಾರಿ ತೆರೆದಿರುವುದು ಸಾಬೀತಾಯಿತು. ಮರುವರ್ಷ ಚೀನಾದ ಫುದಾನ್ ವಿಶ್ವವಿದ್ಯಾಲಯದಲ್ಲಿ ಕಬ್ಬಿಣ, ಜರ್ಮೇನಿಯಂ, ಟೆಲ್ಯೂರಿಯಂ ಸೇರಿದ ತೆಳುಪದರದ ಕಾಂತತ್ವವನ್ನು ಗೇಟಿನ ಬಲದಿಂದ ಕೋಣೆಯ ಉಷ್ಣತೆಯವರೆಗೂ ಏರಿಸಿದರು. ಅದು ಲೋಹ, ಅರೆವಾಹಕವಲ್ಲ. ಕ್ರೋಮಿಯಂ ಅಯೊಡೈಡೋ ತೆರೆದ ಗಾಳಿಯಲ್ಲಿ ಬೇಗ ಹಾಳಾಗುತ್ತದೆ.

ಅದೇ ಹೊತ್ತಿನಲ್ಲಿ ಎಚ್ಚರಿಕೆಯ ಗಂಟೆಯೂ ಬಾರಿಸಿತು. ವೆನೇಡಿಯಂ ಡೈಸೆಲೆನೈಡಿನ ಒಂಟಿ ಪದರ ಕೋಣೆಯ ಉಷ್ಣತೆಯಲ್ಲಿ ಬಲವಾದ ಅಯಸ್ಕಾಂತ ಎಂದು 2018ರಲ್ಲಿ ಅಮೆರಿಕದಿಂದ ವರದಿ ಬಂತು. ಎಲೆಕ್ಟ್ರಾನ್ ರೋಹಿತ ಮತ್ತು ಎಕ್ಸ್-ಕಿರಣಗಳಿಂದ ಪರೀಕ್ಷಿಸಿದ ಬೇರೆ ತಂಡಗಳಿಗೆ ಫೆರೋಕಾಂತತ್ವದ ಗುರುತು ಸಿಗಲಿಲ್ಲ. ಸಿಕ್ಕಿದ್ದು ವಿದ್ಯುದಂಶ ಸಾಂದ್ರತೆಯ ಅಲೆ.

ಐದು ನ್ಯಾನೊಮೀಟರ್ ದೂರದ ಮಾತುಕತೆ

ವೆನೇಡಿಯಂ ಬೆರೆತ ಟಂಗ್‌ಸ್ಟನ್ ಡೈಸೆಲೆನೈಡ್ ಬಂದದ್ದು ಈ ಹಿನ್ನೆಲೆಯಲ್ಲಿ. ಟಂಗ್‌ಸ್ಟನ್‌ಗಿಂತ ವೆನೇಡಿಯಂಗೆ ಒಂದು ಸಂಯೋಜಕ ಎಲೆಕ್ಟ್ರಾನ್ ಕಡಿಮೆ. ಹಾಗಾಗಿ ಟಂಗ್‌ಸ್ಟನ್ ಜಾಗದಲ್ಲಿ ಕುಳಿತ ಪ್ರತಿ ವೆನೇಡಿಯಂ ಒಂದು ರಂಧ್ರವನ್ನು ಹಾಳೆಗೆ ಕೊಡುತ್ತದೆ. ತಾನೂ ಒಂದು ಪುಟ್ಟ ಅಯಸ್ಕಾಂತವಾಗುತ್ತದೆ. 2020ರಲ್ಲೇ ಪೆನ್ ಸ್ಟೇಟ್ ಮತ್ತು ಸೌತ್ ಫ್ಲಾರಿಡಾ ವಿಶ್ವವಿದ್ಯಾಲಯಗಳ ತಂಡಗಳೂ ವೆನೇಡಿಯಂ ಬೆರೆತ ಟಂಗ್‌ಸ್ಟನ್ ಡೈಸಲ್ಫೈಡ್ ಮತ್ತು ಡೈಸೆಲೆನೈಡುಗಳಲ್ಲಿ ಕೋಣೆಯ ಉಷ್ಣತೆಯ ಕಾಂತತ್ವ ವರದಿ ಮಾಡಿದವು. ಡೈಸಲ್ಫೈಡಿನಲ್ಲಿ ಶೇ. 2ರಷ್ಟು ವೆನೇಡಿಯಂ ಇದ್ದಾಗ ಕಾಂತತ್ವ ಗರಿಷ್ಠ. ಅದಕ್ಕಿಂತ ಹೆಚ್ಚಿಸಿದರೆ ಕುಸಿಯುತ್ತದೆ, ಏಕೆಂದರೆ ಪಕ್ಕಪಕ್ಕದಲ್ಲಿ ಕುಳಿತ ಎರಡು ವೆನೇಡಿಯಂಗಳು ಒಂದರ ಕಾಂತತ್ವವನ್ನು ಇನ್ನೊಂದು ನುಂಗಿಹಾಕುತ್ತವೆ.

ಹಾಲಿಗೆ ಹೆಪ್ಪು ಹಾಕಿದಂತೆ ಇಷ್ಟು ಅಲ್ಪ ವೆನೇಡಿಯಂ ಇಡೀ ಹಾಳೆಯ ಸ್ವಭಾವವನ್ನೇ ಬದಲಿಸುವುದು ಹೇಗೆ? ಒಗಟು ಇರುವುದು ಇಲ್ಲೇ. ಕೊರಿಯಾದ ಮಾದರಿಯಲ್ಲಿ ಸಾವಿರಕ್ಕೊಂದು ವೆನೇಡಿಯಂ, ಅಕ್ಕಪಕ್ಕದ ಎರಡರ ನಡುವೆ ಸುಮಾರು 5 ನ್ಯಾನೊಮೀಟರ್ ದೂರ. ಹಾಳೆಯ ಜಾಲಕದ ಹದಿನೈದು ಹೆಜ್ಜೆಗಳಷ್ಟು. ಕಾಂತ ವಿನಿಮಯ ಬಲ ಸಾಮಾನ್ಯವಾಗಿ ಒಂದೆರಡು ಪರಮಾಣುಗಳಾಚೆಗೆ ಕೈಚಾಚುವುದೇ ಕಷ್ಟ.

ಮೊದಲ ಪಂಥ ಇದಕ್ಕೆ ಕೊಡುವ ಉತ್ತರ ಅಲೆಮಾರಿ ರಂಧ್ರಗಳು. ಹಾಳೆಯಲ್ಲೆಲ್ಲ ಓಡಾಡುವ ರಂಧ್ರಗಳು ಒಂದು ವೆನೇಡಿಯಂನ ದಿಕ್ಕನ್ನು ಇನ್ನೊಂದಕ್ಕೆ ಮುಟ್ಟಿಸುತ್ತವೆ ಎನ್ನುವ ಇದು ದೀಟ್ಲ್ ಅವರ 2000ದ ಲೆಕ್ಕದ ವಂಶಕ್ಕೆ ಸೇರಿದ ಮಾತು. ಕೊರಿಯಾದ ತಂಡ ತನ್ನ ಲೆಕ್ಕಾಚಾರಗಳಿಂದ ಬೆಂಬಲಿಸುವುದೂ ಇದನ್ನೇ. ಗೇಟ್ ವೋಲ್ಟೇಜಿಗೆ ಕಾಂತತ್ವ ಏಕೆ ಓಗೊಡುತ್ತದೆ ಎಂಬುದನ್ನು ಇಷ್ಟು ಸರಳವಾಗಿ ವಿವರಿಸುವ ಬೇರೆ ವಾದವಿಲ್ಲ, ರಂಧ್ರಗಳ ಸಂಖ್ಯೆ ಬದಲಿಸುವುದೇ ಗೇಟಿನ ಕೆಲಸ.

ಇದಕ್ಕೆ ಎದುರು ನಿಂತದ್ದು ಬಂಧಿತ ರಂಧ್ರಗಳ ಪಂಥ. ಫ್ರಾನ್ಸಿನ ಗ್ರನೋಬಲ್‌ನ ಸಂಶೋಧಕರು 2020ರಲ್ಲಿ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕದಿಂದ ಒಂದೊಂದೇ ವೆನೇಡಿಯಂ ಪರಮಾಣುವನ್ನು ನೋಡಿದಾಗ, ರಂಧ್ರ ದೂರ ಓಡಿಹೋಗದೆ ತನ್ನ ಒಡೆಯನ ಸುತ್ತಲೇ ಸುತ್ತುವರಿದಿರುವುದು ಕಂಡಿತು. ಹಾಗಿದ್ದರೆ ಪ್ರತಿ ವೆನೇಡಿಯಂ ಸುತ್ತ ಒಂದು ಸಣ್ಣ ಕಾಂತ ಮೋಡ. ಮೋಡಗಳು ಒಂದಕ್ಕೊಂದು ತಾಗಿದಲ್ಲಿ ಮಾತ್ರ ಕ್ರಮ. ಗ್ಯಾಲಿಯಂ ಮ್ಯಾಂಗನೀಸ್ ಆರ್ಸೆನೈಡಿನಲ್ಲೂ ಇದೇ ಜಗಳ ವರ್ಷಗಟ್ಟಲೆ ನಡೆದಿತ್ತು. ಈ ಚಿತ್ರ ಸರಿಯಾದರೆ ಹಾಳೆ ಏಕರೂಪದ ಅಯಸ್ಕಾಂತವಲ್ಲ, ದ್ವೀಪಗಳ ಸಮೂಹ.

ಇನ್ನು ಕೊರತೆಗಳ ಮೇಲೆ ಬೆರಳು ತೋರುವವರಿದ್ದಾರೆ. ವೆನೇಡಿಯಂ ಪಕ್ಕದ ಸೆಲೆನಿಯಂ ಖಾಲಿಯಾದರೆ ಕಾಂತ ಕ್ರಮ ಹೆಚ್ಚುತ್ತದೆ ಎಂದು ಕೊರಿಯಾದ ಗುಂಪೇ 2022ರಲ್ಲಿ ಹೇಳಿತು. ಇದು ಮೊದಲ ಎರಡು ಪಂಥಗಳ ಎದುರಾಳಿಗಿಂತ ಹೆಚ್ಚಾಗಿ ಅವುಗಳ ನೆರೆಮನೆಯವ.

ಕಡೆಯದು ಸಂಶಯವಾದಿಗಳ ನಿಲುವು. ಅದರ ತೂಕ ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಒಂದು ಚದರ ಸೆಂಟಿಮೀಟರ್ ಹಾಳೆಯಲ್ಲಿ ಸುಮಾರು ಸಾವಿರ ಲಕ್ಷ ಕೋಟಿಯಷ್ಟು ಟಂಗ್‌ಸ್ಟನ್ ಪರಮಾಣುಗಳಿವೆ. ಸಾವಿರಕ್ಕೊಂದರಂತೆ ವೆನೇಡಿಯಂ ಒಂದು ಲಕ್ಷ ಕೋಟಿ. ಪ್ರತಿಯೊಂದೂ ಒಂದು ಬೋರ್ ಮ್ಯಾಗ್ನೆಟಾನ್‌ನಷ್ಟು, ಅಂದರೆ ಒಂದು ಎಲೆಕ್ಟ್ರಾನಿನಷ್ಟು, ಕಾಂತತ್ವ ಕೊಟ್ಟರೂ ಒಟ್ಟು ಸಂಕೇತ ಅತ್ಯಂತ ಸೂಕ್ಷ್ಮ ಕಾಂತಮಾಪಕಗಳ ಮಿತಿಯ ಹತ್ತಿರವೇ. ಸುಮಾರು ಎರಡು ಮೈಕ್ರೊಮೀಟರ್ ಗಾತ್ರದ ಒಂದು ಕಬ್ಬಿಣದ ಕಣ ಅಷ್ಟೇ ಸಂಕೇತ ಕೊಡಬಲ್ಲದು. ಕಾಂತ ವಲಯಗಳನ್ನು ತೋರಿಸಿದ ಕಾಂತಬಲ ಸೂಕ್ಷ್ಮದರ್ಶಕದ ಚಿತ್ರಗಳಿಗೂ ತೊಡಕಿದೆ: ಅದರ ಮೊನೆ ಕಾಂತಬಲದ ಜೊತೆಗೆ ಸ್ಥಾಯೀ ವಿದ್ಯುತ್ತಿಗೂ ಸ್ಪಂದಿಸುತ್ತದೆ. ಗೇಟ್ ಬದಲಿಸಿದಾಗ ಚಿತ್ರ ಬದಲಾಯಿತೆಂದರೆ ಬದಲಾದದ್ದು ಕಾಂತತ್ವವೋ ವಿದ್ಯುದಂಶವೋ ಎಂದು ಬೇರ್ಪಡಿಸಿ ತೋರಿಸಬೇಕು. ಚಿಮಟದ ಪ್ರಸಂಗ ಗೊತ್ತಿರುವವರಿಗೆ ಈ ಆಕ್ಷೇಪಗಳು ಹಟದ ಮಾತಾಗಿ ಕೇಳುವುದಿಲ್ಲ.

ಗದ್ದಲಕ್ಕೂ ಒಂದು ಚರಿತ್ರೆ

ಯಾವ ವಾಹಕದಲ್ಲೂ ಪ್ರವಾಹ ಪೂರ್ತಿ ನಿಶ್ಶಬ್ದವಾಗಿ ಹರಿಯದು. 1918ರಲ್ಲಿ ಶಾಟ್ಕಿ, ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿ ಬರುವುದರಿಂದಲೇ ಹುಟ್ಟುವ ಗದ್ದಲವನ್ನು ವಿವರಿಸಿದರು. 1928ರಲ್ಲಿ ಜಾನ್ಸನ್ ಮತ್ತು ನೈಕ್ವಿಸ್ಟ್ ಶಾಖದಿಂದ ಹುಟ್ಟುವ ಗದ್ದಲದ ಲೆಕ್ಕ ಕೊಟ್ಟರು. ಇವೆರಡೂ ಬಗೆಹರಿದ ವಿಷಯಗಳು. ಬಗೆಹರಿಯದೆ ಕಾಡಿದ್ದು ಮೂರನೆಯದು: ಆವರ್ತನ ಕಡಿಮೆಯಾದಷ್ಟೂ ಏರುತ್ತ ಹೋಗುವ, ವಿಜ್ಞಾನಿಗಳು 'ಒನ್ ಬೈ ಎಫ್' ಎಂದು ಕರೆಯುವ ಗದ್ದಲ. ನಿರ್ವಾತ ಕವಾಟಗಳಲ್ಲಿ ಜಾನ್ಸನ್ 1925ರಲ್ಲಿ ಕಂಡ ಇದು ಟ್ರಾನ್ಸಿಸ್ಟರಿನಲ್ಲೂ ಬಂತು, ಗ್ರ್ಯಾಫೀನಿನಲ್ಲೂ ಬಂತು.

ಮಕ್‌ವರ್ಟರ್ 1957ರಲ್ಲಿ ಕೊಟ್ಟ ವಿವರಣೆ ಪ್ರಕಾರ ಅರೆವಾಹಕದ ಅಂಚಿನ ಆಕ್ಸೈಡಿನಲ್ಲಿ ಎಲೆಕ್ಟ್ರಾನ್ ಹಿಡಿಯುವ ಬಲೆಗಳಿವೆ. ಅವು ಹಿಡಿದು ಬಿಡುವ ಆಟವೇ ಗದ್ದಲ. ಹೂಗೆ 1969ರಲ್ಲಿ, ವಾಹಕಗಳ ಚಲನಶೀಲತೆಯೇ ಏರಿಳಿಯುತ್ತದೆ ಎಂಬ ಇನ್ನೊಂದು ಪಂಥಕ್ಕೆ ಸೂತ್ರ ಕೊಟ್ಟರು. 1984ರಲ್ಲಿ ಬೆಲ್ ಪ್ರಯೋಗಾಲಯದವರು ಒಂದು ಮೈಕ್ರೊಮೀಟರಿಗಿಂತ ಚಿಕ್ಕ ಸಿಲಿಕಾನ್ ಟ್ರಾನ್ಸಿಸ್ಟರ್ ಅಳೆದಾಗ ಗದ್ದಲದ ಅಸಲು ರೂಪವೇ ಕಣ್ಣಿಗೆ ಬಿತ್ತು. ಪ್ರತಿರೋಧ ಎರಡೇ ಮಟ್ಟಗಳ ನಡುವೆ ಥಟ್ಟನೆ ಜಿಗಿಯುತ್ತಿತ್ತು. ಒಂದೇ ಬಲೆ, ಒಂದೇ ಎಲೆಕ್ಟ್ರಾನ್. ತಂತಿ ಯಂತ್ರದ ಕೀಲಿಯ ಹಾಗೆ ಬಡಿಯುವ ಈ ಜಿಗಿತಕ್ಕೆ 'ಟೆಲಿಗ್ರಾಫ್ ಗದ್ದಲ' ಎಂದು ಹೆಸರು. ಇಂಥ ಒಂದು ಜಿಗಿತದ ಶಕ್ತಿ, ತನ್ನ ವೇಗದ ಮಿತಿ ದಾಟಿದ ಮೇಲೆ, ಆವರ್ತನದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಬೇರೆಬೇರೆ ವೇಗದ ಇಂಥ ಅಸಂಖ್ಯ ಜಿಗಿತಗಳು ಸೇರಿದರೆ 'ಒನ್ ಬೈ ಎಫ್'.

ತೆಳುಪದರಗಳಲ್ಲಿ ಗದ್ದಲದ ಮೂಲ ಹುಡುಕುವ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂಚೂಣಿಯಲ್ಲಿದೆ. ಅರಿಂದಮ್ ಘೋಷ್ ಅವರ ಗುಂಪು 2009ರಿಂದಲೇ ಗ್ರ್ಯಾಫೀನಿನ ಗದ್ದಲವನ್ನು, 2014ರಲ್ಲಿ ಮಾಲಿಬ್ಡಿನಂ ಡೈಸಲ್ಫೈಡಿನ ಗದ್ದಲವನ್ನು ಸೂಕ್ಷ್ಮವಾಗಿ ಅಳೆದಿದೆ. ಅದೇ ಸಂಸ್ಥೆಯಲ್ಲಿ 2003ರಲ್ಲಿ ಅವೀಕ್ ಬಿದ್, ಎ.ಕೆ. ರಾಯ್‌ಚೌಧುರಿ ಮತ್ತಿತರರು ಮ್ಯಾಂಗನೈಟ್ ಎಂಬ ಆಕ್ಸೈಡಿನಲ್ಲಿ ಟೆಲಿಗ್ರಾಫ್ ಗದ್ದಲ ಕಂಡಿದ್ದರು. ಈ ಎರಡನೆಯ ಕೆಲಸ ಇಲ್ಲಿ ಮುಖ್ಯ. ಅಲ್ಲಿ ಗದ್ದಲ ವಸ್ತುವಿನ ಒಳಗಿನ ಸ್ಥಿತಿಗಳ ಸ್ಪರ್ಧೆಯನ್ನು ಬಯಲು ಮಾಡುವ ಸಾಧನವಾಗಿತ್ತು.

ಎರಡು ಮಟ್ಟಗಳ ನಡುವೆ

2023ರಲ್ಲಿ ಸುವೊನ್ ತಂಡ, ಹಾರ್ವರ್ಡಿನ ಫಿಲಿಪ್ ಕಿಮ್ ಮತ್ತಿತರರೊಂದಿಗೆ ಸೇರಿ, ಗದ್ದಲವೆಂಬ ಅದೇ ಸಾಧನವನ್ನು ವೆನೇಡಿಯಂ ಬೆರೆತ ಹಾಳೆಗಳಿಗೆ ಹಚ್ಚಿತು. ಕೆಲವು ಪದರಗಳ ಟಂಗ್‌ಸ್ಟನ್ ಡೈಸೆಲೆನೈಡನ್ನು ಮೇಲೆ ಕೆಳಗೆ ಎರಡು ಗ್ರ್ಯಾಫೀನ್ ಹಾಳೆಗಳ ನಡುವೆ ಇಟ್ಟು, ಪ್ರವಾಹವನ್ನು ಪದರಗಳ ಮೂಲಕ ನೆಟ್ಟಗೆ, ಒಂದು ಗ್ರ್ಯಾಫೀನ್‌ನಿಂದ ಇನ್ನೊಂದಕ್ಕೆ ಹಾಯಿಸಿದರು. ದಾರಿ ಕೆಲವೇ ನ್ಯಾನೊಮೀಟರ್ ಉದ್ದ. ಪ್ರವಾಹ ಎರಡು ಸ್ಪಷ್ಟ ಮಟ್ಟಗಳ ನಡುವೆ ಜಿಗಿಯತೊಡಗಿತು. ಪ್ರತಿ ಮಟ್ಟದಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಎಣಿಸಿ ನಕ್ಷೆ ಬಿಡಿಸಿದರೆ ಎರಡು ಬೇರೆಬೇರೆ ಗುಡ್ಡಗಳು. ಆವರ್ತನದ ನಕ್ಷೆಯಲ್ಲಿ ವರ್ಗ ವಿಲೋಮದ ಇಳಿಜಾರು. ಅಚ್ಚರಿ ಎಂದರೆ ಜಿಗಿತದ ಗಾತ್ರ, ಶೇ. 80ರವರೆಗೆ. ಮಾಮೂಲಿ ಬಲೆಗಳಿಂದ ಹುಟ್ಟುವ ಜಿಗಿತ ಬಹುತೇಕ ಸಾಧನಗಳಲ್ಲಿ ಇದರ ಹತ್ತಿರಕ್ಕೂ ಬಾರದು.

ತಂಡದ ವಿವರಣೆ ಹೀಗಿದೆ: ಹಾಳೆಯೊಳಗಿನ ಕಾಂತ ವಲಯಗಳು ತಮ್ಮ ಪದರದ ಒಳಗಿನ ನೆರೆಯವರ ಜೊತೆಗೂ, ಮೇಲಿನ ಕೆಳಗಿನ ಪದರಗಳ ಜೊತೆಗೂ ಹೆಣೆದುಕೊಂಡಿವೆ. ಎರಡೂ ಸೆಳೆತಗಳು ಪೈಪೋಟಿಗೆ ಬಿದ್ದಾಗ ವಲಯವೊಂದು ಎರಡು ನೆಲೆಗಳ ನಡುವೆ ತೂಗಾಡುತ್ತದೆ. ವಲಯಗಳ ಮುಖಗಳು ಒಂದೇ ದಿಕ್ಕಿಗಿದ್ದರೆ ಸ್ಪಿನ್ ಹೊತ್ತ ಪ್ರವಾಹಕ್ಕೆ ದಾರಿ ಸಲೀಸು, ಎದುರುಬದುರಾದರೆ ಕಷ್ಟ. ಇಂಥ ದ್ವಿಸ್ಥಿತಿಗಳಲ್ಲಿ ಮೂರು ಬಗೆ ಗುರುತಿಸಿದ್ದಾರೆ; ವೋಲ್ಟೇಜಿನ ದಿಕ್ಕು ಬದಲಿಸಿ ಗದ್ದಲವನ್ನು ಹತೋಟಿಗೆ ತರಬಹುದೆಂದೂ ತೋರಿಸಿದ್ದಾರೆ.

ಹಳೆಯ ಅನುಮಾನಗಳ ಬೆಳಕಿನಲ್ಲಿ ನೋಡಿದರೆ ಈ ಸಾಕ್ಷಿಯ ಬೆಲೆ ಅರ್ಥವಾಗುತ್ತದೆ. ಮಾದರಿಯ ಅಂಚಿನಲ್ಲೆಲ್ಲೋ ಅಂಟಿದ ಕಬ್ಬಿಣದ ಧೂಳು ಕಾಂತಮಾಪಕವನ್ನು ಮೋಸಗೊಳಿಸಬಹುದು, ಆದರೆ ಎರಡು ಗ್ರ್ಯಾಫೀನ್ ಹಾಳೆಗಳ ನಡುವಿನ ಪ್ರವಾಹವನ್ನು ಶೇ. 80ರಷ್ಟು ಕುಲುಕಲಾರದು. ಗದ್ದಲ ಸಾಧನದ ಒಳಗಿನಿಂದಲೇ ಮಾತಾಡುತ್ತದೆ. ಚಿಕ್ಕ ಮಾದರಿಯೇ ಅದಕ್ಕೆ ಅನುಕೂಲ.

ಧೂಳಿನ ಅನುಮಾನ ಹೋಯಿತೆಂದರೆ ಬಲೆಯ ಅನುಮಾನ ಬರುತ್ತದೆ. ವೆನೇಡಿಯಂ ತಾನೇ ಒಂದು ರಂಧ್ರವನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂದು ಗ್ರನೋಬಲ್ ಪ್ರಯೋಗ ಹೇಳಿದೆ. ಖಾಲಿ ಸೆಲೆನಿಯಂ ಜಾಗಗಳೂ ಬಲೆಗಳೇ. ದಾರಿ ಇಷ್ಟು ಚಿಕ್ಕದಾದಾಗ ಒಂದೇ ಬಲೆ ತುಂಬಿ ಖಾಲಿಯಾದರೂ ಪ್ರವಾಹದ ಮೇಲೆ ದೊಡ್ಡ ಪರಿಣಾಮವಾಗಬಹುದು. ಎರಡು ಗುಡ್ಡಗಳ ನಕ್ಷೆ, ವರ್ಗ ವಿಲೋಮದ ಇಳಿಜಾರು ಇವೆರಡೂ ದ್ವಿಸ್ಥಿತಿ ಇದೆ ಎಂದು ಹೇಳುತ್ತವೆಯೇ ಹೊರತು ಅದು ಕಾಂತದ್ದು ಎಂದಲ್ಲ. ಕಾಂತ ವಲಯವಾದರೆ ಹೊರಗಿನ ಕಾಂತಕ್ಷೇತ್ರ ಒಂದು ಮಟ್ಟವನ್ನು ಮೆಚ್ಚಿ ಇನ್ನೊಂದನ್ನು ಹಿಮ್ಮೆಟ್ಟಿಸಬೇಕು. ಕ್ಷೇತ್ರದ ದಿಕ್ಕು ತಿರುಗಿಸಿದರೆ ಮೆಚ್ಚುಗೆಯೂ ತಿರುಗಬೇಕು. ಕಾಂತತ್ವ ಅಳಿಯುವ ಉಷ್ಣತೆಯಲ್ಲಿ ಗದ್ದಲವೂ ಅಳಿಯಬೇಕು. ಬಲೆಗೆ ಈ ಕಟ್ಟುಪಾಡುಗಳಿಲ್ಲ. ನಿರ್ಣಾಯಕ ವಾದ ಇಲ್ಲಿದೆ, ಜಿಗಿತದ ಗಾತ್ರದಲ್ಲಲ್ಲ.

ಗದ್ದಲಕ್ಕೇ ಕೆಲಸ ಕೊಟ್ಟರೆ

ಮೂಲ ಯಾವುದೇ ಆಗಲಿ, ಹೊಂದಿಸಬಲ್ಲ ಜಿಗಿತಕ್ಕೆ ಉಪಯೋಗವಂತೂ ಇದೆ. 2019ರಲ್ಲಿ ಜಪಾನಿನ ತೊಹೊಕು ಮತ್ತು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯಗಳವರು ಬೇಕೆಂದೇ ಅಸ್ಥಿರಗೊಳಿಸಿದ ಎಂಟು ಕಾಂತ ಸಂಧಿಗಳನ್ನು ಜೋಡಿಸಿ, ಅವುಗಳ ಯಾದೃಚ್ಛಿಕ ಜಿಗಿತದಿಂದಲೇ 945ರವರೆಗಿನ ಸಂಖ್ಯೆಗಳನ್ನು ಅಪವರ್ತಿಸಿದರು. ಆ ತಂಡದಲ್ಲೂ ಹಿಡಿಯೊ ಓನೊ ಇದ್ದರು. ಆ ಸಂಧಿಗಳು ಲೋಹದವು. ಅರೆವಾಹಕ ಹಾಳೆಯಲ್ಲಿ ಅದೇ ಜಿಗಿತ ಸಿಕ್ಕಿ, ಗೇಟಿನಿಂದ ಅದರ ವೇಗ ಹೊಂದಿಸಬಹುದಾದರೆ, ಸಂಭಾವ್ಯತೆಯಿಂದ ಲೆಕ್ಕ ಮಾಡುವ ಚಿಪ್‌ಗಳಿಗೆ ಹೊಸ ಬಿಡಿಭಾಗ ಸಿಕ್ಕಂತೆ.

ಇನ್ನೂ ಇತ್ಯರ್ಥವಾಗದ್ದು

ರಂಧ್ರಗಳು ಅಲೆಮಾರಿಗಳೋ ಬಂಧಿಗಳೋ ಎಂಬುದು ಮೊದಲ ಬಾಕಿ. ಒಂಟಿ ಪರಮಾಣುವಿನ ಸುತ್ತ ಕಂಡದ್ದು ವೆನೇಡಿಯಂ ಹೆಚ್ಚಾದಾಗಲೂ ಹಾಗೇ ಇರಬೇಕಿಲ್ಲ. ಯಾವ ಪ್ರಮಾಣದಲ್ಲಿ ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬ ಗಡಿ ಗುರುತಾಗಬೇಕು. ಸಾವಿರಕ್ಕೊಂದು ವೆನೇಡಿಯಂನಿಂದ 360 ಕೆಲ್ವಿನ್‌ವರೆಗೆ ತಾಳುವ ಕ್ರಮಕ್ಕೆ ಬೇಕಾದ ಇಷ್ಟದ ದಿಕ್ಕು, ಅಂದರೆ ಮರ್ಮಿನ್-ವಾಗ್ನರ್ ಅಡ್ಡಿಯನ್ನು ದಾಟಿಸುವ ಬಲ, ಎಲ್ಲಿಂದ ಬರುತ್ತದೆ ಎಂಬುದು ಎರಡನೆಯದು. ಭಾರವಾದ ಟಂಗ್‌ಸ್ಟನ್‌ನ ಸ್ಪಿನ್-ಕಕ್ಷೆ ಬಂಧದ ಕಡೆಗೆ ಹಲವರ ಬೆರಳು ಹೋಗುತ್ತದೆ, ಆದರೆ ಅಳತೆ ಮತ್ತು ಲೆಕ್ಕ ಇನ್ನೂ ಕೈಕೂಡಿಲ್ಲ.

ಪದರಗಳ ಸಂಖ್ಯೆಯ ಪ್ರಶ್ನೆ ಬೇರೆಯೇ ಇದೆ. ಕಾಂತ ವಲಯಗಳ ಪ್ರಸಿದ್ಧ ಚಿತ್ರಗಳು ಒಂಟಿ ಪದರದವು, ಗದ್ದಲದ ಫಲಿತಾಂಶ ಬಹುಪದರದ್ದು; ಒಂದರ ವಿವರಣೆಯನ್ನು ಇನ್ನೊಂದಕ್ಕೆ ಹಾಗೆಯೇ ದಾಟಿಸಲಾಗದು. ವೋಲ್ಟೇಜಿನ ದಿಕ್ಕು ಗದ್ದಲವನ್ನು ಬದಲಿಸುವುದು ಸ್ಪಿನ್ ಪ್ರವಾಹದ ಒತ್ತಡದಿಂದಲೋ, ವಿದ್ಯುತ್ ಕ್ಷೇತ್ರ ರಂಧ್ರಗಳನ್ನು ಸರಿಸುವುದರಿಂದಲೋ, ಬಿಸಿಯಿಂದಲೋ ಎಂಬುದೂ ತೀರ್ಮಾನವಾಗಬೇಕು.

ಬಲೆ ಮತ್ತು ವಲಯದ ವಾದವನ್ನು ನೇರವಾಗಿ ಇತ್ಯರ್ಥಗೊಳಿಸುವ ಪ್ರಯೋಗ ಯಾವುದೆಂದು ಹೇಳುವುದು ಕಷ್ಟವಲ್ಲ. ವಜ್ರದ ಹರಳಿನೊಳಗಿನ ನೈಟ್ರೋಜನ್ ಪರಮಾಣು ಮತ್ತು ಅದರ ಪಕ್ಕದ ಖಾಲಿ ಜಾಗದ ಜೋಡಿಯನ್ನು ಬಳಸುವ ಕಾಂತಮಾಪಕಗಳು ಒಂಟಿ ಪದರದ ಕಾಂತಕ್ಷೇತ್ರವನ್ನೂ ಸ್ಥಾಯೀ ವಿದ್ಯುತ್ತಿನ ಗೊಂದಲವಿಲ್ಲದೆ ಅಳೆಯಬಲ್ಲವು; ಕ್ರೋಮಿಯಂ ಅಯೊಡೈಡಿನಲ್ಲಿ ಅವು ಆ ಕೆಲಸ ಮಾಡಿ ತೋರಿಸಿವೆ. ವೆನೇಡಿಯಂ ಬೆರೆತ ಹಾಳೆಯ ಮೇಲೆ ಅಂಥ ವಜ್ರದ ಮೊನೆಯನ್ನು ಹಿಡಿದು, ಅದೇ ಹೊತ್ತಿನಲ್ಲಿ ಪ್ರವಾಹದ ಜಿಗಿತವನ್ನೂ ದಾಖಲಿಸಿ, ಎರಡನ್ನೂ ಹೋಲಿಸಬೇಕು. ಎರಡು ಮಟ್ಟಗಳಲ್ಲಿ ಕಾಂತಕ್ಷೇತ್ರವೂ ಬೇರೆಬೇರೆಯಾಗಿದ್ದರೆ ವಲಯದ ವಾದ ಗೆದ್ದಂತೆ. ಪ್ರವಾಹ ಜಿಗಿದರೂ ಕ್ಷೇತ್ರ ಕದಲದಿದ್ದರೆ 2023ರ ಫಲಿತಾಂಶವನ್ನು ಮತ್ತೆ ಬಲೆಗಳ ಲೆಕ್ಕದಲ್ಲಿ ಓದಬೇಕಾಗುತ್ತದೆ. ಹಾಳೆ ಬೆಳೆಸಿದವರಲ್ಲದ ಬೇರೆ ತಂಡಗಳು, ತಾವೇ ಬೆಳೆಸಿದ ಮಾದರಿಗಳಲ್ಲಿ ಇದನ್ನು ಮಾಡಬೇಕೆಂಬುದು ಆಕ್ಸೈಡುಗಳ ದಶಕ ಕಂಡವರ ಬೇಡಿಕೆ.